ಜಾಹೀರಾತು ಯಾರ ಕಿವಿಯಲ್ಲಿ ಏನು ಹೇಳುತ್ತದೆ?

(ತ್ಯಾಗಲಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಅಡಿಕೆ ಸುಲಿಯುವ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದೀರಿ. ಕೆಲವರು ಸಂಕ ದಾಟಿ, ತೋಟದ ದಾರಿಯಲ್ಲಿ ನಡೆದು ಬಂದಿದ್ದೀರಿ. ಹಾಗಾಗಿ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

ಸಭೆ ಸೇರುವ ಮೊದಲು ನಾವೆಲ್ಲ ಮೊಬೈಲಿನಲ್ಲಿ ಎರಡು ಜಾಹೀರಾತು ನೋಡಿದೆವು. ಒಂದು ಚಿನ್ನದ ಅಂಗಡಿಯದು. ಅದರಲ್ಲಿ ಮದುಮಗಳು ಮೈತುಂಬ ಆಭರಣ ತೊಟ್ಟು ಮೆಟ್ಟಿಲು ಇಳಿಯುತ್ತಾಳೆ, ಅಪ್ಪ ಕಣ್ಣೊರೆಸಿಕೊಳ್ಳುತ್ತಾನೆ. ಇನ್ನೊಂದು ಹೆಂಡತಿಯನ್ನು ಹೊಡೆಯುವ ಗಂಡನ ಮನೆಯ ಕರೆಗಂಟೆ ಒತ್ತುವ ಹುಡುಗರದು. ಎರಡೂ ಒಂದು ನಿಮಿಷದ ಆಸುಪಾಸಿನವು. ಮೊದಲನೆಯದನ್ನು ನೋಡುವಾಗ ನಿಮ್ಮಲ್ಲಿ ಒಬ್ಬರು "ಎಷ್ಟು ಚೆಂದ" ಅಂದಿರಿ. ಎರಡನೆಯದನ್ನು ನೋಡುವಾಗ ಯಾರೂ ಮಾತಾಡಲಿಲ್ಲ. ಒಂದು ನಿಮಿಷದ ಚಿತ್ರ ನಮ್ಮನ್ನು ಹೀಗೆ ಮಾಡುವುದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ.

ಜಾಹೀರಾತು ಅಂದರೆ ಟಿ.ವಿ.ಯಲ್ಲಿ ಬರುವುದು, ಶಿರಸಿ ಜಾತ್ರೆಯ ಹೊತ್ತಿಗೆ ರಸ್ತೆಯುದ್ದಕ್ಕೂ ಕಟ್ಟುವ ಫ್ಲೆಕ್ಸ್ ಬೋರ್ಡು ಎಂದಷ್ಟೇ ನಾವು ತಿಳಿದಿದ್ದೇವೆ. ಅದಕ್ಕಿಂತ ಹಳೆಯ ಜಾಹೀರಾತೊಂದು ನಮ್ಮ ಬಾಯಲ್ಲೇ ಇದೆ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ." ಒಳ್ಳೆಯ ಜಾಹೀರಾತಿಗೆ ಬೇಕಾದ ಲಕ್ಷಣಗಳೆಲ್ಲ ಈ ಮಾತಿಗಿವೆ. ಚಿಕ್ಕದು, ಪ್ರಾಸ ಇದೆ, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಹೇಳಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿದವರಿಗೆ ಅದು ಒಂದು ಕೆಲಸ ಹೇಳುತ್ತದೆ: ಸುಮ್ಮನಿರು, ಒಳಗೆ ಹೋಗಬೇಡ. ಏಟು ತಿಂದವಳಿಗೆ ಒಂದು ಕೆಲಸ ಹೇಳುತ್ತದೆ: ನಾಳೆ ಬೆಳಗಾದರೆ ಸರಿಹೋಗುತ್ತದೆ, ತಡೆದುಕೊ. ಹೊಡೆದವನಿಗೆ ಮಾತ್ರ ಏನೂ ಹೇಳುವುದಿಲ್ಲ. ಏಟನ್ನು 'ಜಗಳ' ಎಂದು ಕರೆದು ಇಬ್ಬರಿಗೂ ಸಮಪಾಲು ಹಂಚಿಬಿಡುತ್ತದೆ.

ಇಂಥ ಮಾತು ತಲೆಮಾರುಗಟ್ಟಲೆ ಕಿವಿಗೆ ಬಿದ್ದರೆ ಏನಾಗುತ್ತದೆ? ಸರ್ಕಾರವೇ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಕರ್ನಾಟಕದಲ್ಲಿ 2019-20ರಲ್ಲಿ ನಡೆಯಿತು. ಅದರ ಪ್ರಕಾರ ನಮ್ಮ ರಾಜ್ಯದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ 100ಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದವರು. 2015-16ರ ಸಮೀಕ್ಷೆಯಲ್ಲಿ ಈ ಸಂಖ್ಯೆ 100ಕ್ಕೆ 20ರ ಮೇಲಿತ್ತು. ಹಿಂಸೆಯೇ ಹೆಚ್ಚಿರಬಹುದು, ಹೇಳಿಕೊಳ್ಳುವವರೂ ಹೆಚ್ಚಿರಬಹುದು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಯಾವುದಾದರೂ ಕಾರಣಕ್ಕೆ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ? ಕರ್ನಾಟಕದ ಹೆಂಗಸರಲ್ಲಿ 100ಕ್ಕೆ ಸುಮಾರು 77 ಮಂದಿ, ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದರು. ಗಂಡಸರಲ್ಲಿ ಸುಮಾರು 82 ಮಂದಿ. ನೋಡಿ, ಏಟು ತಿನ್ನುವವರೇ ಏಟನ್ನು ಒಪ್ಪುವಂತೆ ಮಾಡುವ ಶಕ್ತಿ ಆ ಹಳೆಯ ಜಾಹೀರಾತಿಗಿದೆ. ಯಾವ ಕಂಪನಿಗೂ ಇಷ್ಟು ಗಿರಾಕಿಗಳು ಸಿಕ್ಕಿಲ್ಲ.

ಹಾಗಾದರೆ ಜಾಹೀರಾತನ್ನು ನೋಡುವುದು ಹೇಗೆ? ಅಕ್ಕಿಯಲ್ಲಿ ಕಲ್ಲು ಆರಿಸಲು ಮೊರ ಬೇಕು. ಜಾಹೀರಾತು ನೋಡುವಾಗ ನಮಗೆ ಐದು ಪ್ರಶ್ನೆಗಳು ಬೇಕು. ಮಾತಾಡುತ್ತಿರುವವರು ಯಾರು? ಯಾರಿಗೆ ಮಾತಾಡುತ್ತಿದ್ದಾರೆ? ನಮ್ಮ ಯಾವ ಆಸೆಯನ್ನು, ಯಾವ ಹೆದರಿಕೆಯನ್ನು ಮುಟ್ಟುತ್ತಿದ್ದಾರೆ? ಏನನ್ನು ತೋರಿಸದೆ ಬಿಟ್ಟಿದ್ದಾರೆ? ಕೊನೆಗೆ ನಮ್ಮಿಂದ ಏನು ಮಾಡಿಸಬೇಕೆಂದಿದ್ದಾರೆ?

ಚಿನ್ನದ ಜಾಹೀರಾತಿಗೆ ಈ ಪ್ರಶ್ನೆ ಕೇಳೋಣ. ಮಾತಾಡುವವನು ಚಿನ್ನ ಮಾರುವವನು. ಆದರೆ ಅವನು ತೆರೆಯ ಮೇಲೆ ಬರುವುದೇ ಇಲ್ಲ, ಅವನ ಬದಲು ಒಬ್ಬ ಅಪ್ಪ ಬರುತ್ತಾನೆ. ಮಾತು ಮದುಮಗಳಿಗೆ ಹೇಳಿದಂತೆ ಕಾಣುತ್ತದೆ, ನಿಜವಾಗಿ ಹೇಳುವುದು ಹೆತ್ತವರಿಗೆ. ಮುಟ್ಟುವ ಆಸೆ, ಮಗಳು ಸುಖವಾಗಿರಲಿ ಎನ್ನುವುದು. ಮುಟ್ಟುವ ಹೆದರಿಕೆ, ಬರಿಗೈಯಲ್ಲಿ ಕಳಿಸಿದರೆ ನಾಲ್ಕು ಜನ ಏನೆಂದಾರು ಎನ್ನುವುದು. ಹೀಗೆ ಪ್ರೀತಿಯನ್ನು ಗ್ರಾಂ ಲೆಕ್ಕದಲ್ಲಿ ತೂಗುವುದನ್ನು ನಮಗೆ ಕಲಿಸುತ್ತಾರೆ. ಹೆಚ್ಚು ತೂಕ ಹಾಕಿದ ಅಪ್ಪ ಹೆಚ್ಚು ಪ್ರೀತಿಸಿದ ಅಪ್ಪ, ಕಡಿಮೆ ಹಾಕಿದವನು ಪ್ರೀತಿಯಲ್ಲೂ ಬಡವ.

ತೋರಿಸದೆ ಬಿಟ್ಟದ್ದು ಏನು? ಆ ಅಪ್ಪ ಸಾಲ ಮಾಡಿದ ಸೊಸೈಟಿ. ಅಡಿಕೆಗೆ ಕೊಳೆ ಬಂದ ವರ್ಷ ಕಟ್ಟಲಾಗದ ಕಂತು. ಮದುವೆಯಾದ ಆರನೇ ತಿಂಗಳಿಗೆ ಅದೇ ಒಡವೆ ಗಂಡನ ಹೆಸರಿನಲ್ಲಿ ಅಡವು ಹೋಗುವುದು. "ಇಷ್ಟೇನಾ ತಂದದ್ದು?" ಎನ್ನುವ ಅತ್ತೆಯ ಮಾತು. ಜಾಹೀರಾತಿನಲ್ಲಿ ಗಂಡಿನ ಕಡೆಯವರು ಏನನ್ನೂ ಕೇಳುವುದಿಲ್ಲ, ಅಪ್ಪನೇ ಖುಷಿಯಿಂದ ಕೊಡುತ್ತಾನೆ. ಕಾನೂನಿನ ಭಾಷೆಯಲ್ಲಿ ವರದಕ್ಷಿಣೆಯಾದದ್ದು ಜಾಹೀರಾತಿನ ಭಾಷೆಯಲ್ಲಿ ಉಡುಗೊರೆಯಾಗುವುದು ಹೀಗೆ.

ನಮ್ಮ ಸೀಮೆಯ ಹಿರಿಯ ಹೆಂಗಸರನ್ನು ಕೇಳಿ. ಇಲ್ಲಿಯ ಹಲವು ಸಮುದಾಯಗಳಲ್ಲಿ ಒಂದು ಕಾಲಕ್ಕೆ ಗಂಡಿನ ಮನೆಯವರು ಹೆಣ್ಣಿಗೆ ತೆರ ಕೊಡುತ್ತಿದ್ದರು. ಆ ಪದ್ಧತಿ ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಅಲ್ಲಿಯೂ ಹೆಣ್ಣಿಗೆ ಬೆಲೆ ಕಟ್ಟುತ್ತಿದ್ದರು. ಆದರೆ ಹೆಣ್ಣಿನ ಕಡೆಯವರು ಕೊಡುವುದು ಅನಾದಿ ಕಾಲದ ಸಂಪ್ರದಾಯ ಎಂಬ ಮಾತು ನಮ್ಮಲ್ಲಿ ಎಲ್ಲರ ಮಟ್ಟಿಗೆ ಸುಳ್ಳು. ಇದು ನಡುವೆ ಬಂದದ್ದು. ನಡುವೆ ಬಂದದ್ದನ್ನು ನಡುವೆಯೇ ನಿಲ್ಲಿಸಬಹುದು.

2021ರಲ್ಲಿ ಕೇರಳದಲ್ಲಿ ವರದಕ್ಷಿಣೆ ಕಿರುಕುಳದಿಂದಾದ ಸಾವು ದೊಡ್ಡ ಸುದ್ದಿಯಾಯಿತು. ಆಗಿನ ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್ ಅವರು ಚಿನ್ನದ ಜಾಹೀರಾತುಗಳಲ್ಲಿ ಮದುಮಗಳನ್ನು ತೋರಿಸಬೇಡಿ ಎಂದು ವ್ಯಾಪಾರಿಗಳಲ್ಲಿ ಮನವಿ ಮಾಡಿದರು. ಚಿನ್ನವನ್ನು ಮದುವೆಗೇ ಗಂಟುಹಾಕುವುದು ಏಕೆ ಎನ್ನುವುದು ಅವರ ಪ್ರಶ್ನೆಯಾಗಿತ್ತು. ಒಂದು ಚಿತ್ರಕ್ಕೂ ಒಂದು ಸಾವಿಗೂ ದೂರದ ನಂಟಿದೆ ಎಂಬುದನ್ನು ಅಷ್ಟು ದೊಡ್ಡ ಹುದ್ದೆಯವರು ಒಪ್ಪಿಕೊಂಡರಲ್ಲ, ಅದನ್ನು ಗಮನಿಸಬೇಕು.

ಈ ನಂಟು ಇನ್ನೂ ನಾಚಿಕೆ ಬಿಟ್ಟು ಕಾಣಿಸಿಕೊಂಡ ಕಾಲವೂ ಇತ್ತು. 1980ರ ದಶಕದಲ್ಲಿ ಉತ್ತರದ ನಗರಗಳಲ್ಲಿ, ಮುಂಬಯಿಯಲ್ಲಿ ಹೊಟ್ಟೆಯೊಳಗಿನ ಮಗು ಗಂಡೋ ಹೆಣ್ಣೋ ಎಂದು ಹೇಳುವ ಆಸ್ಪತ್ರೆಗಳು ಬಹಿರಂಗವಾಗಿ ಜಾಹೀರಾತು ಹಾಕುತ್ತಿದ್ದವು. ಈಗ ಐನೂರು ರೂಪಾಯಿ ಖರ್ಚು ಮಾಡಿ, ಮುಂದೆ ಸಾವಿರಾರು ಉಳಿಸಿ ಎಂಬ ಅರ್ಥದ ಮಾತು ಅದು. ಇದರಲ್ಲಿ 'ಹೆಣ್ಣು' ಎಂಬ ಪದವಿಲ್ಲ, 'ಕೊಲ್ಲು' ಎಂಬ ಪದವಿಲ್ಲ, 'ವರದಕ್ಷಿಣೆ' ಎಂಬ ಪದವೂ ಬೇಕಾಗಲಿಲ್ಲ. ಓದಿದವರಿಗೆಲ್ಲ ಅರ್ಥವಾಯಿತು. ಜಾಹೀರಾತಿನ ದೊಡ್ಡ ಜಾಣತನ ಇದು: ಅರ್ಧ ಮಾತನ್ನು ಅದು ಹೇಳುತ್ತದೆ, ಉಳಿದರ್ಧವನ್ನು ನಮ್ಮ ಮನಸ್ಸಿನಿಂದಲೇ ಎತ್ತಿಕೊಳ್ಳುತ್ತದೆ. ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 1994ರಲ್ಲಿ ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾನೂನು ಬಂತು, 1996ರಿಂದ ಜಾರಿಯಾಯಿತು. ಅದರಲ್ಲಿ ಇಂಥ ಜಾಹೀರಾತು ಹಾಕುವುದೇ ಅಪರಾಧ.

ಮುಖಕ್ಕೆ ಹಚ್ಚುವ ಕ್ರೀಮಿನದೂ ಇದೇ ದಾರಿ. 'ಫೇರ್ ಅಂಡ್ ಲವ್ಲಿ' 1975ರಲ್ಲಿ ಮಾರುಕಟ್ಟೆಗೆ ಬಂತು. 2000ದ ನಂತರದ ಅದರ ಒಂದು ಜಾಹೀರಾತು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಡ ಅಪ್ಪ, ನನಗೊಬ್ಬ ಮಗನಿದ್ದಿದ್ದರೆ ಎಂದು ಕೊರಗುತ್ತಾನೆ. ಮಗಳು ಕೇಳಿಸಿಕೊಂಡು ಕ್ರೀಮು ಹಚ್ಚಿ ಬೆಳ್ಳಗಾಗಿ ವಿಮಾನದಲ್ಲಿ ಗಗನಸಖಿಯಾಗುತ್ತಾಳೆ. ಹೆಣ್ಣು ದುಡಿಯಬಲ್ಲಳು ಎಂಬ ನಮ್ಮ ಚಳವಳಿಯ ಮಾತನ್ನೇ ಅವರು ಕದ್ದರು, ನಡುವೆ ಬಣ್ಣದ ಡಬ್ಬಿ ಇಟ್ಟರು. ಜನವಾದಿ ಮಹಿಳಾ ಸಂಘಟನೆಯವರು ದೂರು ಕೊಟ್ಟು ಬಿಡದೆ ಬೆನ್ನು ಹತ್ತಿದ್ದರಿಂದ 2003ರಲ್ಲಿ ಅಂಥ ಜಾಹೀರಾತುಗಳು ನಿಂತವು. 2020ರಲ್ಲಿ ಕಂಪನಿ ಹೆಸರಿನಿಂದ 'ಫೇರ್' ಎಂಬ ಪದವನ್ನೇ ತೆಗೆಯಿತು. ಹೆಸರು ಹೋಯಿತು. ಆದರೆ ಹೆಣ್ಣು ನೋಡಲು ಬಂದವರು "ಬಣ್ಣ ಸ್ವಲ್ಪ ಕಮ್ಮಿ" ಎಂದು ಹೇಳಿ ಬೇಡಿಕೆ ಏರಿಸುವುದು ಹೋಯಿತೇ?

ಈಗ ಎರಡನೆಯ ಜಾಹೀರಾತಿಗೆ ಬರೋಣ. 'ಬೆಲ್ ಬಜಾವೊ', ಅಂದರೆ ಕರೆಗಂಟೆ ಬಾರಿಸಿ, ಎನ್ನುವ ಈ ಪ್ರಚಾರವನ್ನು 'ಬ್ರೇಕ್‌ಥ್ರೂ' ಎಂಬ ಸಂಸ್ಥೆ 2008ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಜೊತೆ ಸೇರಿ ಆರಂಭಿಸಿತು. ಚಿತ್ರಗಳನ್ನು ಮಾಡಿಕೊಟ್ಟದ್ದು 'ಓಗಿಲ್ವಿ' ಎಂಬ ದೊಡ್ಡ ಜಾಹೀರಾತು ಕಂಪನಿ. ಟಿ.ವಿ., ರೇಡಿಯೋ ಅಲ್ಲದೆ ವಿಡಿಯೋ ವ್ಯಾನುಗಳು ಉತ್ತರ ಪ್ರದೇಶ, ಮಹಾರಾಷ್ಟ್ರದಂತೆ ನಮ್ಮ ಕರ್ನಾಟಕದಲ್ಲೂ ಸುತ್ತಿದವು. 2010ರಲ್ಲಿ ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಅವರೂ ಅದಕ್ಕೆ ಬೆಂಬಲ ಕೊಟ್ಟರು.

ಚಿತ್ರದಲ್ಲಿ ಏನಾಗುತ್ತದೆ? ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಒಂದು ಮನೆಯಿಂದ ಗಂಡಸಿನ ಕೂಗು, ಹೆಂಗಸಿನ ಅಳು ಕೇಳುತ್ತದೆ. ಆಟ ನಿಲ್ಲುತ್ತದೆ. ಹುಡುಗ ಹೋಗಿ ಕರೆಗಂಟೆ ಒತ್ತುತ್ತಾನೆ. ಗಂಡಸು ಬಾಗಿಲು ತೆರೆದಾಗ ಚೆಂಡು ಕೇಳುತ್ತಾನೆ. ಚೆಂಡು ಹುಡುಗರ ಕೈಯಲ್ಲೇ ಇದೆ, ಅದು ಆ ಗಂಡಸಿಗೂ ಕಾಣುತ್ತದೆ. ಇದೇ ಸರಣಿಯ ಬೇರೊಂದು ಚಿತ್ರದಲ್ಲಿ ನೆರೆಯವನೊಬ್ಬ ಹಾಲು ಕೇಳಲು ಬರುತ್ತಾನೆ.

ಇದಕ್ಕೂ ನಮ್ಮ ಐದು ಪ್ರಶ್ನೆ ಕೇಳಬೇಕು. ನಮ್ಮ ಕಡೆಯವರ ಜಾಹೀರಾತು ಎಂದು ಬಿಡಬಾರದು. ಇದು ಯಾರಿಗೆ ಮಾತಾಡುತ್ತದೆ? ಅಲ್ಲಿಯವರೆಗಿನ ಪೋಸ್ಟರುಗಳು ಏಟು ತಿಂದ ಹೆಣ್ಣಿಗೆ, ಎದ್ದು ನಿಲ್ಲು, ದೂರು ಕೊಡು ಎನ್ನುತ್ತಿದ್ದವು. ಹೊಡೆಯುವವನಿಗೆ, ನಿಲ್ಲಿಸು ಎನ್ನುತ್ತಿದ್ದವು. ಇದು ಮೂರನೆಯವರಿಗೆ, ಗೋಡೆಯಾಚೆ ಕೇಳಿಸಿಕೊಳ್ಳುತ್ತಿರುವವರಿಗೆ, ಅದರಲ್ಲೂ ಗಂಡಸರಿಗೆ, ಹುಡುಗರಿಗೆ ಮಾತಾಡುತ್ತದೆ. ನೋಡುವವರಲ್ಲಿ ಹೆಚ್ಚಿನವರು "ನಾನು ಹೊಡೆಯುವವನಲ್ಲ" ಎಂದು ನೆಮ್ಮದಿಯಿಂದ ಕುಳಿತಿರುತ್ತಾರೆ. ಆ ನೆಮ್ಮದಿಯನ್ನೇ ಅದು ಕಸಿದುಕೊಳ್ಳುತ್ತದೆ.

ಹೊಡೆತವನ್ನು ಇದು ತೋರಿಸುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತದೆ. ಸಿನಿಮಾದಲ್ಲಿ ಹೆಣ್ಣಿಗೆ ಹೊಡೆಯುವುದನ್ನು ತೋರಿಸಿದರೆ ಕೆಲವರು ಅದನ್ನೂ ಮೋಜಿನಿಂದ ನೋಡುತ್ತಾರೆ. ಸದ್ದು ಮಾತ್ರ ಇದ್ದರೆ ಚಿತ್ರವನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ, ಹಾಗೆ ಮಾಡಿಕೊಳ್ಳುವಾಗ ನಮ್ಮ ಕೇರಿಯ, ನಮ್ಮ ಮನೆಯ ನೆನಪೇ ಬರುತ್ತದೆ. ನೀವು ಮಾತಾಡದೆ ಕುಳಿತದ್ದು ಅದಕ್ಕೇ ಇರಬೇಕು.

ಇದು ಬೇಡುವ ಕೆಲಸ ಸಣ್ಣದು. ಜಗಳವಾಡು ಎನ್ನುವುದಿಲ್ಲ, ಬುದ್ಧಿ ಹೇಳು ಎನ್ನುವುದಿಲ್ಲ. ಒಂದು ಬೆರಳು ಸಾಕು, ಒಂದು ನೆಪ ಸಾಕು. ನೆಪ ಸುಳ್ಳೆಂದು ಇಬ್ಬರಿಗೂ ಗೊತ್ತು. "ನಮಗೆ ಕೇಳಿಸುತ್ತಿದೆ" ಎಂಬ ಮಾತನ್ನು ಬಾಯಿಬಿಡದೆ ಹೇಳಿದಂತಾಯಿತು. ಗುಟ್ಟಾಗಿದ್ದರೆ ತಾನೇ ಅವನಿಗೆ ಧೈರ್ಯ? ಗುಟ್ಟು ಹೋದರೆ ಅವನ ಕೈ ಒಂದು ಗಳಿಗೆಯಾದರೂ ತಡೆಯುತ್ತದೆ.

ಇದು ತೋರಿಸದೆ ಬಿಟ್ಟದ್ದೂ ಇದೆ. ಬಾಗಿಲು ಮತ್ತೆ ಮುಚ್ಚಿದ ಮೇಲೆ ಏನಾಯಿತು? "ಯಾರಿಗೆ ಹೇಳಿದೆ?" ಎಂದು ಅವಳಿಗೆ ಇನ್ನೆರಡು ಬಿದ್ದಿರಬಹುದಲ್ಲವೇ? ಗಂಟೆ ಒತ್ತುವವರು ಹೆಂಗಸರಾದರೆ ಅವರ ಮೇಲೆ ಮಾತು ಬರುವುದಿಲ್ಲವೇ? ಹೊಡೆತಕ್ಕೆ ಕಾರಣವಾದ ವರದಕ್ಷಿಣೆಯ ಬಾಕಿ, ಕುಡಿತ, ಅವಳ ಹೆಸರಿನಲ್ಲಿ ಒಂದು ಗುಂಟೆ ಜಾಗವೂ ಇಲ್ಲದಿರುವುದು ಒಂದು ಗಂಟೆಯ ಸದ್ದಿಗೆ ಹೋಗುವುದಿಲ್ಲ. ಇದು ಒಂದು ರಾತ್ರಿಯ ಏಟನ್ನು ತಡೆಯಬಹುದಾದ ಉಪಾಯ. ಆ ಒಂದು ರಾತ್ರಿ ಜೀವ ಉಳಿಸುವ ರಾತ್ರಿಯೂ ಆಗಿರಬಹುದು. ಅದರ ಮುಂದಿನ ಕೆಲಸ ನಮ್ಮದು.

ಇನ್ನೊಂದು ತೊಡಕು. ಈ ಚಿತ್ರ ಪೇಟೆಯ ಗೋಡೆಗೆ ಗೋಡೆ ತಾಗಿದ ಮನೆಗಳದು. ನಮ್ಮಲ್ಲಿ ಎಷ್ಟು ಮನೆಗೆ ಕರೆಗಂಟೆ ಇದೆ? ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ, ಸೊಪ್ಪಿನ ಬೆಟ್ಟ. ಮಳೆಗಾಲದಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಒಳಗಿನ ಕೂಗು ಅಂಗಳ ದಾಟುವುದಿಲ್ಲ. ಎಷ್ಟೋ ಕಡೆ ಗುಡ್ಡ ಹತ್ತಿದರೇ ಮೊಬೈಲಿಗೆ ಸಿಗ್ನಲ್ಲು. ಆದರೆ ಕೇಳಿಸದಿದ್ದರೂ ನಮಗೆ ಗೊತ್ತಾಗುತ್ತದೆ. ಸಂಘದ ಸಭೆಗೆ ಎರಡು ವಾರ ಬಾರದವಳು. ಸೆಖೆಯಲ್ಲೂ ತುಂಬು ತೋಳಿನ ರವಿಕೆ ತೊಟ್ಟವಳು. ಕಂತು ಕಟ್ಟಲು ಗಂಡನನ್ನು ಕೇಳಬೇಕು ಎಂದು ತಲೆ ತಗ್ಗಿಸುವವಳು. ಇವೇ ನಮಗೆ ಕೇಳುವ ಸದ್ದು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಎಷ್ಟೋ ವರ್ಷದ ಹಿಂದೆ ನಮ್ಮ ಪಕ್ಕದ ಮನೆಯಿಂದ ರಾತ್ರಿ ಹೊತ್ತು ಸದ್ದು ಕೇಳುತ್ತಿತ್ತು. ನಾನು ಟಿ.ವಿ. ದನಿ ದೊಡ್ಡದು ಮಾಡಿದೆ. ಮರುದಿನ ಬಾವಿಕಟ್ಟೆಯಲ್ಲಿ ಅವಳ ಮೊಣಕೈ ನೋಡಿ "ಬಿದ್ದೆಯೇನೆ?" ಎಂದು ಕೇಳಿದೆ. ಪ್ರಶ್ನೆಯಲ್ಲೇ ಉತ್ತರ ಇಟ್ಟುಕೊಟ್ಟಿದ್ದೆ. ಅವಳು "ಹೂಂ, ಅಕ್ಕ" ಅಂದಳು. ಅವಳಿಗೆ ನಾನು ಬಾಗಿಲು ತೆರೆಯಲಿಲ್ಲ, ಇದ್ದ ಬಾಗಿಲನ್ನೂ ಮುಚ್ಚಿದೆ. "ನಿನ್ನೆ ರಾತ್ರಿ ನನಗೆ ಕೇಳಿಸಿತು" ಎಂದಷ್ಟೇ ಹೇಳಬಹುದಿತ್ತು. ಹೆಂಗಸರ ಬಗ್ಗೆ ಸಭೆಗಳಲ್ಲಿ ಮಾತಾಡುವ ನನಗೇ ಆ ಹಳೆಯ ಗಾದೆ ಬಾಯಿ ಕಟ್ಟಿತ್ತು.

ಹಾಲು ಕೇಳುವ ನೆಪ ಪೇಟೆಯವರದಾದರೆ ನಮಗೆ ಹೆಪ್ಪಿನ ನೆಪ ಇದೆ. "ಹೆಪ್ಪು ಮುಗಿದಿತ್ತು, ಚೂರು ಕೊಡೆ" ಎಂದು ನಾವು ಯಾರ ಮನೆಗೂ ಯಾವ ಹೊತ್ತಿಗೂ ಹೋಗುತ್ತೇವೆ, ಯಾರೂ ಪ್ರಶ್ನೆ ಮಾಡುವುದಿಲ್ಲ. ಆದರೆ ಒಬ್ಬರೇ ಹೋಗಬೇಡಿ. ನಿಮ್ಮ ಸಂಘದಲ್ಲಿ ಹತ್ತಿಪ್ಪತ್ತು ಜನ ಇದ್ದೀರಿ, ಇಬ್ಬರು ಮೂವರು ಸೇರಿ ಹೋಗಿ. ಆಮೇಲೆ ಅವಳು ಒಬ್ಬಳೇ ಸಿಕ್ಕಾಗ ಕೇಳಿ: ನಾವು ಏನು ಮಾಡಲಿ? ಅವಳಿಗೆ ಏನು ಬೇಕೆಂದು ಅವಳೇ ಹೇಳಲಿ. ಅವಳನ್ನು ಕೇಳದೆ ನಾವೇ ತೀರ್ಮಾನ ಮಾಡಿದರೆ ನಮ್ಮದೂ ಇನ್ನೊಂದು ಯಜಮಾನಿಕೆಯಾಗುತ್ತದೆ.

ಕಾನೂನು ನಮ್ಮ ಬೆನ್ನಿಗಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 4ನೇ ಕಲಮಿನ ಪ್ರಕಾರ ಹಿಂಸೆ ನಡೆದಿದೆ ಅಥವಾ ನಡೆಯಲಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಗಂಟೆ ಬಾರಿಸಿದವರಿಗೆ ಕಾನೂನು ಕೊಟ್ಟಿರುವ ರಕ್ಷಣೆ ಇದು. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಮೇಲಿನ ಕಚೇರಿ ಎಂದರೆ ನಿಮಗೆ ಗೊತ್ತಾಗುತ್ತದೆ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಸಂಖ್ಯೆ ಬದಲಾಗಿದೆ, ಅಪರಾಧ ಅಪರಾಧವಾಗಿಯೇ ಇದೆ.

ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಅದಕ್ಕೆ 1986ರಲ್ಲಿ ಸೇರಿಸಿದ 4ಎ ಕಲಮು ನೇರವಾಗಿ ಜಾಹೀರಾತಿನ ಮೇಲಿನದೇ. ಮದುವೆಗೆ ಪ್ರತಿಫಲವಾಗಿ ಆಸ್ತಿಯಲ್ಲಿ, ಹಣದಲ್ಲಿ, ವ್ಯಾಪಾರದಲ್ಲಿ ಪಾಲು ಕೊಡುತ್ತೇವೆಂದು ಪತ್ರಿಕೆಯಲ್ಲಾಗಲಿ ಬೇರೆ ಮಾಧ್ಯಮದಲ್ಲಾಗಲಿ ಜಾಹೀರಾತು ಕೊಡುವುದು, ಅದನ್ನು ಅಚ್ಚು ಹಾಕುವುದು, ಹಂಚುವುದು ಅಪರಾಧ. ಶಿಕ್ಷೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿವರೆಗೆ ದಂಡ. ಹಾಗಾಗಿ ಈಗ ಯಾರೂ ಬಿಚ್ಚಿ ಬರೆಯುವುದಿಲ್ಲ. 'ಡೀಸೆಂಟ್ ಮ್ಯಾರೇಜ್' ಎನ್ನುತ್ತಾರೆ. ಆ ಎರಡು ಪದದ ಒಳಗೆ ಏನಿದೆಯೆಂದು ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು. ನಮ್ಮ ಐದು ಪ್ರಶ್ನೆ ಇಂಥಲ್ಲಿ ಕೆಲಸಕ್ಕೆ ಬರುತ್ತವೆ. ಮಗಳಿಗೆ ಪ್ರೀತಿಯಿಂದ ಏನನ್ನಾದರೂ ಕೊಟ್ಟರೆ ಅದರ ಪಟ್ಟಿ ಬರೆದು ಗಂಡು ಹೆಣ್ಣು ಇಬ್ಬರೂ ಸಹಿ ಮಾಡಬೇಕೆಂದು 1985ರ ನಿಯಮವಿದೆ. ಆ ಪಟ್ಟಿಯ ಒಂದು ಪ್ರತಿ ಹುಡುಗಿಯ ಕೈಯಲ್ಲಿರಲಿ. ಮುಂದೆ ಒಡವೆ ಅಡವು ಹೋದಾಗ, ಮನೆಯಿಂದ ಹೊರಗೆ ಹಾಕಿದಾಗ ಆ ಒಂದು ಹಾಳೆ ಸಾಕ್ಷಿಯಾಗುತ್ತದೆ.

ಕೊನೆಯ ಮಾತು. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದಾಗಿನಿಂದ ವಾರವಾರ ಹತ್ತಿಪ್ಪತ್ತು ರೂಪಾಯಿ ಕೂಡಿಸಿ ನಾವು ಬ್ಯಾಂಕಿನ ಬಾಗಿಲು ಹತ್ತಿದವರು. ಆ ದುಡ್ಡು ಎಲ್ಲಿ ಹೋಗುತ್ತಿದೆ? ಮನೆಗೆ ಹೋದ ಮೇಲೆ ಸಂಘದ ಸಾಲದ ಪುಸ್ತಕ ತೆಗೆದು, ಎಷ್ಟು ಸಾಲದ ಮುಂದೆ 'ಮದುವೆ', 'ಒಡವೆ' ಎಂದು ಬರೆದಿದೆ ಎಂದು ಎಣಿಸಿ. ಎಷ್ಟರ ಮುಂದೆ 'ಹಸು', 'ಹೊಲಿಗೆ ಯಂತ್ರ', 'ಮಗಳ ಕಾಲೇಜು' ಎಂದಿದೆ, ಅದನ್ನೂ ಎಣಿಸಿ. ಜಾಹೀರಾತು ನಮ್ಮ ಮೇಲೆ ಎಷ್ಟು ಕೆಲಸ ಮಾಡಿದೆ ಎಂಬುದಕ್ಕೆ ಬೇರೆ ಸಮೀಕ್ಷೆ ಬೇಡ, ನಮ್ಮ ಕೈಬರಹವೇ ಹೇಳುತ್ತದೆ. ಮುಂದಿನ ಸಭೆಗೆ ಆ ಲೆಕ್ಕ ತನ್ನಿ, ಕೂತು ಮಾತಾಡೋಣ.

ಮತ್ತೆ, ಇವತ್ತು ರಾತ್ರಿ ಯಾರ ಮನೆಯಿಂದಾದರೂ ಸದ್ದು ಕೇಳಿದರೆ ಟಿ.ವಿ. ದನಿ ದೊಡ್ಡದು ಮಾಡಬೇಡಿ. ಪಕ್ಕದ ಮನೆಯವಳನ್ನು ಕರೆದುಕೊಂಡು, ಒಂದು ಲೋಟ ಹಿಡಿದುಕೊಂಡು, ಹೆಪ್ಪು ಕೇಳಲು ಹೊರಡಿ.